ಪಾಲುದಾರನ ರಜಾ ಅರ್ಜಿ

ಮೈಸೂರಿನ ಪುಟ್ಟಮಾದು ಆ್ಯಪ್ ಕಂಪನಿಯೊಂದಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದ. ಒಂದು ದಿನ ಬಾಡಿಗೆಗೆ ಹೋದಾಗ ಅಪಘಾತವಾಗಿ ಕೈ ಮುರಿಯಿತು. ಪರಿಹಾರ ಕೇಳಿದರೆ ಮ್ಯಾನೇಜರ್ ಸುದರ್ಶನ್, "ನೀನು ನೌಕರನಲ್ಲಪ್ಪ, ಪಾಲುದಾರ. ನಿನಗೆ ನೀನೇ ಯಜಮಾನ" ಅಂದುಬಿಟ್ಟ.

ಕೈ ಕೂಡಿದ ಮೇಲೆ ಪುಟ್ಟಮಾದು ಮತ್ತೆ ಟ್ಯಾಕ್ಸಿ ಹತ್ತಿದ. ಕಾರ್ಮಿಕ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ.

ವಿಚಾರಣೆಗೆ ಎರಡು ದಿನವಿರುವಾಗ ಅವನು ಮ್ಯಾನೇಜರ್ ಮುಂದೆ ತಲೆಬಾಗಿ ನಿಂತು ಅರ್ಜಿಯೊಂದನ್ನು ಕೊಟ್ಟ. "ಶುಕ್ರವಾರ ಕೋರ್ಟಿದೆ ಸಾರ್. ಒಂದು ದಿನ ರಜೆ ಕೊಡಿ."

ಇವನು ಹೋಗದಿದ್ದರೆ ಕೇಸೇ ಬಿದ್ದುಹೋಗುತ್ತದೆ ಎಂದು ಸುದರ್ಶನನಿಗೆ ಒಳಗೊಳಗೇ ಖುಷಿ. ಕೆಂಪು ಪೆನ್ನು ತೆಗೆದು, "ರಜೆ ಇಲ್ಲ. ಕಡ್ಡಾಯವಾಗಿ ಕೆಲಸಕ್ಕೆ ಹಾಜರಾಗತಕ್ಕದ್ದು" ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿದ. ಪುಟ್ಟಮಾದು ಅದನ್ನು ಮಡಚಿ ಜೇಬಿಗಿಟ್ಟುಕೊಂಡ.

ಶುಕ್ರವಾರ ಕಂಪನಿಯ ವಕೀಲರು ಅರ್ಧ ಗಂಟೆ ವಾದಿಸಿದರು. "ಇವರು ತಮಗೆ ತಾವೇ ಯಜಮಾನರು. ಬಂದರೆ ಬಂದರು, ಬಿಟ್ಟರೆ ಬಿಟ್ಟರು, ಸ್ವಾಮಿ. ಯಾಕೆ ಬರಲಿಲ್ಲ ಅಂತ ನಾವು ಕೇಳುವವರೇ ಅಲ್ಲ."

ಪುಟ್ಟಮಾದು ಜೇಬಿಗೆ ಕೈ ಹಾಕಿದ. ಅರ್ಜಿಯನ್ನು ನ್ಯಾಯಾಧೀಶರಿಗೆ ಕೊಟ್ಟ. ಅವರು ಕೆಂಪು ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. ವಕೀಲರು ಪಕ್ಕದಲ್ಲಿದ್ದ ಮ್ಯಾನೇಜರ್ ಮುಖವನ್ನೇ ನೋಡಿದರು.

"ಯಜಮಾನನಿಗೆ ರಜೆ ಇಲ್ಲ ಅನ್ನೋಕೆ ನೀವ್ಯಾರ್ರೀ?" ಎಂದರು ನ್ಯಾಯಾಧೀಶರು.

ಸುದರ್ಶನನಿಗೆ ಸಿಟ್ಟು ನೆತ್ತಿಗೇರಿತು. ಎಲ್ಲಿದ್ದೇನೆಂಬುದನ್ನೇ ಮರೆತು ಪುಟ್ಟಮಾದುವಿನತ್ತ ತಿರುಗಿ ಗದರಿದ: "ರಜೆ ಕೊಡದಿದ್ದರೂ ಇಲ್ಲಿಗ್ಯಾಕೋ ಬಂದೆ?"

ನ್ಯಾಯಾಧೀಶರು ಟೈಪಿಸ್ಟ್ ಕಡೆ ನೋಡಿದರು. "ಇದನ್ನೂ ಬರ್ಕೊಳ್ಳಮ್ಮ. ಬೇರೆ ಸಾಕ್ಷಿ ಬೇಡ."