ಮಧ್ಯಾಹ್ನದ ಸುತ್ತಿಗೆ

ನೆಲ್ಲಿಗುಡ್ಡದ ಪೂಜ್ಯ ಬಾಳಯ್ಯ ಅಜ್ಜನವರ ಮಠವೆಂದರೆ ದೊಡ್ಡ ಕಟ್ಟಡವೇನಲ್ಲ. ಗುಡ್ಡದ ಅರ್ಧಕ್ಕೆ ಮಣ್ಣಿನ ಮಾಳಿಗೆಯ ಎರಡು ಅಂಕಣ, ಮುಂದೆ ಒಂದು ಬೇವಿನ ಮರ, ಹಿಂದೆ ದಾಸೋಹದ ಒಲೆ, ಅಷ್ಟೇ. ಅಜ್ಜನವರು ಹರಕು ಕಂಬಳಿಯ ಮೇಲೆ ಕುಳಿತು ಬಂದವರ ಮಾತು ಕೇಳುತ್ತಿದ್ದರು. ತಾವು ಆಡುತ್ತಿದ್ದುದು ಕಡಿಮೆ. ಗುಡ್ಡದ ಬುಡದಲ್ಲೇ ಕಂಚಗಾರರ ಓಣಿ. ಅಲ್ಲಿ ತಾಮ್ರ ಬಡಿಯುವ ಸದ್ದು ಮಠದ ಒಳಕೋಣೆಗೂ ಕೇಳಿಸುತ್ತಿತ್ತು.

ಆ ಓಣಿಯಲ್ಲಿ ಮಾನಪ್ಪನಂಥ ಕೆಲಸಗಾರ ಇನ್ನೊಬ್ಬನಿರಲಿಲ್ಲ. ಪಾತ್ರೆಯನ್ನು ಬೆರಳಗೆಣ್ಣಿನಿಂದ ತಟ್ಟಿ, ಮೈಮೇಲೆ ಅಂಗೈ ಊರಿ, ಅದರ ನಡುಕದಿಂದಲೇ ಎಲ್ಲಿ ಬಿರುಕಿದೆ, ಎಲ್ಲಿ ತಗಡು ತೆಳುವಾಗಿದೆ ಎಂದು ಹೇಳಿಬಿಡುತ್ತಿದ್ದ. ಅಂಥ ಕೈ ಇದ್ದವನನ್ನು ಕೆಲಸ ಬಿಟ್ಟೀತೆ? ಹೊಟ್ಟೆಪಾಡಿನ ಕೆಲಸವೇ ಬೆಟ್ಟದಷ್ಟಿತ್ತು. ಸಾಲದ್ದಕ್ಕೆ ಮಠದ ದಾಸೋಹಕ್ಕೆ ಸೇವೆಯೆಂದು ದೊಡ್ಡ ಕೊಪ್ಪರಿಗೆಯೊಂದನ್ನು ಮಾಡಿಕೊಡಲು ತಾನಾಗಿಯೇ ಒಪ್ಪಿಕೊಂಡ. ಓಣಿಯವರೆಲ್ಲ ಸುತ್ತಿಗೆ ಕೆಳಗಿಟ್ಟು ಊಟಕ್ಕೆ ಏಳುವ ಹೊತ್ತನ್ನೂ ಅದಕ್ಕೇ ಕೊಟ್ಟ. ದೇವರ ಕೆಲಸ ಮಾಡುವವನಿಗೆ ಊಟದ ಚಿಂತೆ ಏಕೆ ಎಂದು ಅವನ ಎಣಿಕೆ.

ಹೀಗೇ ವರ್ಷ ಕಳೆಯಿತು. ಮೈ ಕಡ್ಡಿಯಾಯಿತು, ಕೆಮ್ಮು ಹತ್ತಿತು. ಆರು ವರ್ಷದ ಮಗಳು ಕಾಳವ್ವ ದಿನವೂ ಮಧ್ಯಾಹ್ನ ಹೊಸ್ತಿಲಲ್ಲಿ ನಿಂತು, ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು ತೋರಿಸುವಳು. ಇವನು ತಲೆ ಎತ್ತದೆ ಕೈಯಾಡಿಸಿ ಕಳಿಸುವನು. ಒಂದು ದಿನ ಇದ್ದಕ್ಕಿದ್ದಂತೆ ಅವನಿಗೆ ಹೊಳೆಯಿತು: ಈ ಕೂಸಿನ ದನಿ ಕೇಳಿ ಎಷ್ಟು ತಿಂಗಳಾಯಿತು? ಹೆಂಡತಿ ದ್ಯಾಮವ್ವನನ್ನು ಕೇಳಿದ. ಆಕೆ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವನ ಸುತ್ತಿಗೆ ಮತ್ತೆ ಎದ್ದಿತ್ತು. ಕೂಸು ಮೂಗಿಯಾಯಿತು ಎಂದೇ ಅವನು ತಿಳಿದುಕೊಂಡ. ಅವನ ಎದೆ ಒಡೆದುಹೋಯಿತು.

ಕೊಪ್ಪರಿಗೆ ಮುಗಿದ ದಿನ ಅದನ್ನು ಬಂಡಿಗೆ ಹೇರಿ, ಮಗಳನ್ನೂ ಕೂಡಿಸಿಕೊಂಡು ಗುಡ್ಡ ಹತ್ತಿದ. ಅಜ್ಜನವರ ಮುಂದೆ ಕೈಮುಗಿಯುವುದನ್ನೂ ಮರೆತು ನಿಂತ.

“ಅಜ್ಜಾರ, ಇಡೀ ವರ್ಷ ನಿಮ್ಮ ಮಠಕ್ಕ ಮೈ ಮುರದು ದುಡದೀನ್ರಿ. ನಿಮ್ಮ ದೇವರು ನನ್ನ ಕೂಸಿನ ಬಾಯಿ ಕಸಗೊಂಡಾನ. ಇದು ನ್ಯಾಯ ಏನ್ರಿ?”

ಅಜ್ಜನವರು ಕೊಪ್ಪರಿಗೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮಗುವನ್ನು ಹತ್ತಿರ ಕರೆದರು. ಮಾನಪ್ಪನ ಬಲಗೈ ಹಿಡಿದು, ಅಂಗೈಯನ್ನು ಮಗುವಿನ ಗಂಟಲ ಕೆಳಗೆ ಮೆಲ್ಲಗೆ ಊರಿಸಿದರು.

“ಯವ್ವಾ, ದಿನಾ ಮಧ್ಯಾಹ್ನ ನಿಮ್ಮಪ್ಪಗ ಏನ್ ಹೇಳ್ತಿ, ಅದನ್ನ ಹೇಳು” ಎಂದರು.

ಕಾಳವ್ವನ ತುಟಿ ಅಲುಗಿತು. ಮಾನಪ್ಪನ ಕಿವಿಗೆ ಏನೂ ಬೀಳಲಿಲ್ಲ. ಆದರೆ ಅಂಗೈ ಬೆಚ್ಚಿತು. ಒಳ್ಳೆಯ ಪಾತ್ರೆ ತಟ್ಟಿದಾಗ ಮಿಡಿಯುವ ಹಾಗೆ ಆ ಪುಟ್ಟ ಎದೆ ಮಿಡಿಯುತ್ತಿತ್ತು. ಮೂವತ್ತು ವರ್ಷದಿಂದ ಒಮ್ಮೆಯೂ ತಪ್ಪು ಹೇಳದ ಕೈ ಅದು. ಕೂಸು ಮಾತಾಡುತ್ತಿತ್ತು. ಮಠದ ಅಂಗಳದಲ್ಲಿದ್ದವರೆಲ್ಲ ಅದನ್ನು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕೇಳಿಸದೆ ಇದ್ದವನು ಅವನೊಬ್ಬನೇ.

ಅಜ್ಜನವರು ಅವನ ಕಿವಿಗೆ ಬಾಯಿ ಹಚ್ಚಿದರು. “ಬಿರುಕು ಕೂಸಿನ್ಯಾಗ ಇಲ್ಲೋ ಮಾನಪ್ಪಾ. ‘ಅಪ್ಪಾ, ಉಣ್ಣಾಕ ಬಾ’ ಅಂತೈತಿ ಅದು.”

ಬಿಡುವಿಲ್ಲದ ಸುತ್ತಿಗೆಯ ಸದ್ದಿಗೆ ತನ್ನ ಕಿವಿ ಹೋದದ್ದು, ಹೆಂಡತಿ ಮಾತು ಬಿಟ್ಟದ್ದು, ಗಿರಾಕಿಗಳು ಕೈಸನ್ನೆ ಮಾಡುತ್ತಿದ್ದುದು ಏಕೆಂಬುದು, ಎಲ್ಲವೂ ಅವನಿಗೆ ಒಮ್ಮೆಗೇ ತಿಳಿಯಿತು. ಅಜ್ಜನವರ ಪಾದ ಹಿಡಿದು ಬಹಳ ಹೊತ್ತು ಅತ್ತ.

“ಗುಡ್ಡದ ಮ್ಯಾಲ ಕುಂತ ನಿಮಗ ಇದು ಹೆಂಗ ತಿಳೀತ್ರಿ ಅಜ್ಜಾರ?”

ಅಜ್ಜನವರು ಮುಗುಳ್ನಕ್ಕು ಕಾಳವ್ವನ ತಲೆ ಸವರಿದರು. ಆದರೆ ದಾಸೋಹದ ಅಡುಗೆ ನೋಡಿಕೊಳ್ಳುವ ರುದ್ರಯ್ಯನಿಗೆ ತಡೆಯಲಾಗಲಿಲ್ಲ. ಮಾನಪ್ಪನ ಹತ್ತಿರ ಬಂದು ಗಟ್ಟಿಯಾಗಿ ಹೇಳಿದ.

“ಓಣ್ಯಾಗಿನ ಸುತ್ತಿಗಿ ಎಲ್ಲಾ ನಿಂತ ಮ್ಯಾಲ, ದುಡಿಯೋರು ಉಣ್ಣಾಕ ಕುಂತ್ರು ಅಂತ ತಿಳದು, ಅಜ್ಜಾರು ಪ್ರಸಾದಕ್ಕ ಏಳ್ತಿದ್ರು. ವರ್ಷಾತು, ಒಂದು ಸುತ್ತಿಗಿ ನಿಲ್ಲವಲ್ದು. ಅದರ ಸಂದಿನ್ಯಾಗ ಈ ಕೂಸಿನ ಕೂಗು ಇಲ್ಲೀತನ ಕೇಳತೈತಿ. ಹೇಳಿ ಕಳಸೂಣ್ರಿ ಅಂತ ನಾ ಅಂದ್ರ, ಸೇವಾ ಅಂತ ನಂಬಿದಾವ ಹೇಳಿದ್ರ ಕೇಳೂದಿಲ್ಲ, ತಾನ ಬರತಾನ ಅಂದ್ರು. ವರ್ಷಾತು ಮಾನಪ್ಪಾ, ಅಜ್ಜಾರು ಮಧ್ಯಾಹ್ನ ಉಂಡಿಲ್ಲ.”

ಮಾನಪ್ಪ ಅಜ್ಜನವರ ಮುಖ ನೋಡಿದ. ಆ ಸೊರಗಿದ ಕೆನ್ನೆಗಳು ಅವನ ಕಣ್ಣಿಗೆ ಬಿದ್ದದ್ದು ಆಗಲೇ. ತಾನು ಯಾರ ದಾಸೋಹಕ್ಕೆಂದು ತಾಮ್ರ ಬಡಿದನೋ ಅವರನ್ನೇ ಉಪವಾಸ ಕೆಡವಿದ್ದ.

“ನಾಳಿ ಮಧ್ಯಾಹ್ನ ನಮಗ ಹಸಿವಾಗತೈತಿ, ಮಾನಪ್ಪಾ” ಎಂದರು ಅಜ್ಜನವರು, ಅವನ ಕಿವಿಯ ಹತ್ತಿರ ಬಾಗಿ.

ಮರುದಿನ ಹೊತ್ತು ನೆತ್ತಿಗೆ ಬಂದಾಗ ಕಾಳವ್ವ ಹೊಸ್ತಿಲಿಗೆ ಬಂದಳು. ಅವಳು ಬೆರಳು ಕೂಡಿಸುವ ಮೊದಲೇ ಮಾನಪ್ಪ ಸುತ್ತಿಗೆ ಕೆಳಗಿಟ್ಟು, ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಗಂಟಲ ಕೆಳಗೆ ಅಂಗೈ ಊರಿದ. ಅವಳು ಕರೆದಳು. ಅವನು ಪೂರ್ತಿ ಕೇಳಿಸಿಕೊಂಡ. ಬಾಗಿಲ ಮರೆಯಲ್ಲಿ ದ್ಯಾಮವ್ವ ಬಿಸಿ ರೊಟ್ಟಿ ಹಿಡಿದು ನಿಂತಿದ್ದಳು.

ಅವನ ಕಿವಿ ಮರಳಿ ಬಂದಿತೆಂದು ಯಾರೂ ಹೇಳುವುದಿಲ್ಲ. ಆ ದಿನ ಅಜ್ಜನವರು ಪ್ರಸಾದಕ್ಕೆ ಎದ್ದಾಗ ಗುಡ್ಡದ ಮೇಲೆ ಗಂಟೆ ಬಾರಿಸಿದ್ದೂ ಅವನಿಗೆ ಕೇಳಿಸಲಿಲ್ಲ. ಕಾಳವ್ವ ಅವನ ಕೈ ಜಗ್ಗಿ ಮಠದ ಕಡೆ ಬೆರಳು ತೋರಿಸಿದಳು. ಅವನು ಅತ್ತ ತಿರುಗಿ ಕೈಮುಗಿದು, ಆಮೇಲೆ ಊಟಕ್ಕೆ ಕುಳಿತ.