ಸಂಕೋಚದ ದಾನಿಗಳು

ಪಕ್ಷಕ್ಕೆ ದೇಣಿಗೆ ಕೊಟ್ಟವರ ಹೆಸರನ್ನು ಸೋಮವಾರದೊಳಗೆ ಬಹಿರಂಗಪಡಿಸಿ ಅಂತ ಕೋರ್ಟು ತೀರ್ಪು ಕೊಟ್ಟಿತು. ಜಿಲ್ಲಾಧ್ಯಕ್ಷ ಪುಟ್ಟಮಾದಪ್ಪನವರು ಕಚೇರಿಯ ಗುಮಾಸ್ತನನ್ನು ಕರೆದರು.

“ನಮ್ಮ ದಾನಿಗಳೆಲ್ಲ ಸಂಕೋಚದವರು ಕಣಯ್ಯ. ಹೆಸರು ಹೊರಗೆ ಬಂದರೆ ನೊಂದುಕೊಳ್ತಾರೆ. ಯಾರು ಕೊಟ್ಟರೋ ಗೊತ್ತಿಲ್ಲ ಅಂತ ಬರೆದು ನೀನೇ ಸಹಿ ಹಾಕು.”

ಸುಳ್ಳಿಗೆ ಸಹಿ ಹಾಕಿದರೆ ಜೈಲಿಗೆ ಹೋಗುವವನು ತಾನೇ. ಗುಮಾಸ್ತ ತಲೆಯೆತ್ತಿ ನೋಡಿದ. ಕರೆಂಟು ಹೋಗಿ ನಿಂತಿದ್ದ ಫ್ಯಾನಿನ ಮೂರು ರೆಕ್ಕೆಯ ಮೇಲೂ ದಾನಿಗಳು ಕೆಂಪಕ್ಷರದಲ್ಲಿ ಹೆಸರು ಬರೆಸಿದ್ದರು.

“ಸೋಮವಾರದೊಳಗೆ ಮುಗಿಸ್ತೀನಿ ಸಾರ್” ಅಂದ.

ಅವತ್ತೇ ದಾನಿಗಳಿಗೆಲ್ಲ ಫೋನು ಮಾಡಿದ: “ಕೊಟ್ಟವರ ಹೆಸರನ್ನ ಊರೆಲ್ಲ ಓದೋ ಹಾಗೆ ಹಾಕಬೇಕಾಗಿದೆ. ಹೇಗೆ ಹಾಕಲಿ, ನೀವೇ ಬರೆದು ಕಳಿಸಿ.”

ಸಂಜೆಯೊಳಗೆ ಚೀಟಿಗಳು ಬಂದು ಬಿದ್ದವು, ತಂದೆಯ ಹೆಸರು, ಮೊತ್ತ, ಸಹಿ, ಫೋಟೋ ಸಮೇತ. ಸೋಮವಾರ ಗುಮಾಸ್ತ ಅವನ್ನೇ ಕೋರ್ಟಿಗೆ ಒಪ್ಪಿಸಿದ.

ಮಾರನೆಯ ದಿನ ಪಟ್ಟಿ ಪತ್ರಿಕೆಯಲ್ಲಿ ಬಂತು. ಪುಟ್ಟಮಾದಪ್ಪನವರು ಕೆಂಡಾಮಂಡಲವಾದರು. “ಮನೆ ಹಾಳು ಮಾಡಿದೆಯಲ್ಲೋ!” ಅನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ದಾನಿಗಳಲ್ಲೆಲ್ಲ ದೊಡ್ಡವನಾದ ಕ್ವಾರಿ ಮಾಲೀಕ ಕೆಂಪಣ್ಣ! ಅಧ್ಯಕ್ಷರು ಎದ್ದು ನಿಂತು ಎತ್ತಿಕೊಂಡರು.

“ಏನ್ರೀ ಇದು ಅನ್ಯಾಯ?” ಕೆಂಪಣ್ಣ ಗುಡುಗಿದ. “ನನ್ನ ಹೆಸರನ್ನ ನನ್ನ ಭಾವಮೈದನ ಹೆಸರಿನ ಕೆಳಗೆ ಹಾಕಿಸಿದ್ದೀರಲ್ಲ!”