ರಕ್ತದೊಳಗಿನ ಗುಬ್ಬಿಗಳು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳ ಬಣ್ಣವೂ ಒಣಗಿರಲಿಲ್ಲ. ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು. ಈಗ ಕಣ್ಣಿಗೆ ಕಾಣದ ಸಣ್ಣ ಸಣ್ಣ ಜೀವಗಳು ಆಗ ಕಾಣುತ್ತಿದ್ದವು, ಮಾತೂ ಆಡುತ್ತಿದ್ದವು.

ಆಗ ಜೋಳದ ವ್ಯಾಪಾರಿ ಸಂಕವ್ವನ ಮೊಮ್ಮಗಳು ನಿಂಬೆವ್ವನ ಎರಡೂ ಕಿಡ್ನಿ ಬಾಡಿಹೋದವು. ಸಂಕವ್ವ ಅಳುತ್ತ ಕೂರಲಿಲ್ಲ. ನೇರ ಹೊಳೆಯ ದಂಡೆಗೆ ಹೋದಳು.

"ನನ್ನ ಹತ್ರ ಎರಡು ಚಲೋವು ಅದಾವ. ಒಂದು ತಗದು ಅಕಿಗಿ ಇಡವ್ವಾ."

ಹೊಳೆ ಹಾಗೇ ಮಾಡಿತು. ಆದರೆ ನಿಂಬೆವ್ವನ ಮೈಯೊಳಗೆ ಕಾವಲಿನವರು ಇದ್ದರಲ್ಲ! "ಯಾರೋ ಹೊರಗಿನವರು ಬಂದಾರ! ಹೊಡೀರಿ!" ಎಂದು ಹೊಸ ಕಿಡ್ನಿಯ ಮೇಲೆ ಬಿದ್ದರು.

ಗಾಳಿ ಓಡೋಡಿ ಮಂಪರಿನ ಸೊಪ್ಪು ತಂದಿತು. "ಇದರ ರಸ ಕುಡಿಸು ಸಂಕವ್ವಾ, ಅವರು ತೂಕಡಸ್ತಾರ. ಆದ್ರ ಹುಷಾರು! ಕಡಿಮಿ ಆದ್ರ ಮತ್ತ ಎದ್ದು ಹೊಡೀತಾರ. ಹೆಚ್ಚಾದ್ರ ಗೊರಕಿ ಹೊಡೀತಾರ, ಬಾಗಿಲಾಗ ನಿಂತ ಜ್ವರ ಒಳಗ ನುಗ್ಗತೈತಿ!"

"ಉಸಿರಿನ ಕೂಡ ಒಳಗ ಹೋಗಿ ಬರ್ತಿ. ಎಚ್ಚರ ಅದಾರೋ ಇಲ್ಲೋ ನೋಡಿ ಹೇಳು," ಎಂದಳು ಸಂಕವ್ವ.

"ನೋಡೀನಿ. ಕಣ್ಣು ಬಿಟ್ಕೊಂಡೇ ನಿದ್ದಿ ಮಾಡ್ತಾರ, ಕಣ್ಣು ಮುಚ್ಕೊಂಡೇ ಎಚ್ಚರ ಇರ್ತಾರ. ಮಹಾ ಕಳ್ಳರು!"

ಸಂಕವ್ವ ನಕ್ಕಳು. "ನನ್ನ ಕಾವಲುಗಾರ ಸಿದ್ರಾಮನೂ ಹಂಗ. ಅವನ ಮಾರಿ ನಾ ನೋಡೂದೇ ಇಲ್ಲ. ಜ್ವಾಳದ ರಾಶಿ ಮ್ಯಾಲ ಗುಬ್ಬಿ ಎಷ್ಟು ಕುಂತಾವ, ಅದನ್ನ ನೋಡ್ತೀನಿ. ಒಳಗ ಗುಬ್ಬಿಯಂಥಾವು ಅದಾವೇನು?"

"ಅದಾವ! ಧೂಳಿಗಿಂತ ಸಣ್ಣವು. ಹಲ್ಲಿಲ್ಲ, ಕೊಂಡಿಯಿಲ್ಲ."

"ಕರ್ಕೊಂಡು ಬಾ ಒಂದನ್ನ."

ಗಾಳಿ ಉಸಿರಿನ ಮೇಲೆ ಒಂದನ್ನು ಹೊತ್ತು ತಂದಿತು. ಅದು ಗಡಗಡ ನಡುಗಿತು. "ನಮ್ಮನ್ನ ಓಡಸಬ್ಯಾಡ ಆಯೀ! ನಾವು ಯಾರಿಗೂ ಏನೂ ಮಾಡಿಲ್ಲ. ಕಾವಲು ಎದ್ದಿದ್ರ ನಮ್ಮನ್ನ ಅಟ್ಟತಾರ, ಕಡಿಮಿ ಆಗ್ತೀವಿ. ಮಲಗಿದ್ರ ಮಕ್ಕಳು ಮರಿ ಅಂತ ತುಂಬಿಬಿಡ್ತೀವಿ. ಅಷ್ಟೇ!"

"ಅಷ್ಟೇ ಸಾಕು! ಇರ್ರಿ ನೀವು. ಬಾಡಿಗಿ ಬ್ಯಾಡ. ಬೇಕಂದಾಗ ಎಷ್ಟಿದ್ದೀರಿ ಅಂತ ತೋರಸ್ರಿ."

ಸಂಕವ್ವ ರಸ ಕುಡಿಸಿದಳು. ಆಮೇಲೆ ನಿಂಬೆವ್ವನ ಬೆರಳಿಂದ ಒಂದು ಹನಿ ರಕ್ತ ತೆಗೆದು ಬಿಸಿಲಿಗೆ ಹಿಡಿದಳು. ಅಬ್ಬಬ್ಬಾ! ಹನಿಯ ತುಂಬ ಗಿಜಿಗಿಜಿ, ಅವೇ!

"ಅಯ್ಯಯ್ಯ, ಎಲ್ಲಾರೂ ಮಲಗ್ಯಾರ! ರಸ ಕಡಿಮಿ ಮಾಡು!" ಗಾಳಿ ಕೂಗಿತು. ಜ್ವರ ಆಗಲೇ ಹೊಸ್ತಿಲ ಮೇಲೆ ಒಂದು ಕಾಲಿಟ್ಟಿತ್ತು. ಸಂಕವ್ವ ರಸ ಇಳಿಸಿದಳು. ಕಾವಲಿನವರು ಧಡಕ್ಕನೆ ಎದ್ದು ಜ್ವರದ ಜುಟ್ಟು ಹಿಡಿದು ಹೊರಗೆ ದಬ್ಬಿದರು!

ಮತ್ತೊಂದು ಹನಿ. ಈ ಸಲ ಅವು ಅಲ್ಲೊಂದು ಇಲ್ಲೊಂದು. "ಪೂರಾ ಎದ್ದಾರ, ಕಿಡ್ನಿಗಿ ಹೊಡೀತಾರ!" ಎಂದು ರಸ ತುಸು ಏರಿಸಿದಳು.

ಮತ್ತೊಂದು ಹನಿ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ನಿಂಬೆವ್ವ ಎದ್ದು ಕೂತಳು. "ಆಯೀ, ರೊಟ್ಟಿ ಕೊಡು. ಬೆಣ್ಣಿ ಹೆಚ್ಚ ಹಾಕು."

"ಗಿರಾಕಿ ಜೋರೈತಿ," ಎಂದಳು ಸಂಕವ್ವ, ಮುಖ ಆಚೆ ತಿರುಗಿಸಿ.

ಸಂಕವ್ವ ಅವತ್ತು "ಇರ್ರಿ ನೀವು" ಎಂದ ಮಾತಿನಂತೆ ಗುಬ್ಬಿಯಂಥ ಆ ಸಣ್ಣ ವೈರಸ್‌ಗಳು ಇವತ್ತಿಗೂ ನಮ್ಮಲ್ಲಿ ಬಹಳ ಜನರ ರಕ್ತದಲ್ಲಿ ಸುಮ್ಮನೆ ವಾಸವಾಗಿವೆ. ಬೇರೆಯವರ ಕಿಡ್ನಿ ಪಡೆದವರ ತೋಳಿಗೆ ಡಾಕ್ಟರು ಸೂಜಿ ಚುಚ್ಚಿ ಒಂದಿಷ್ಟು ರಕ್ತ ತೆಗೆದರೆ ನೀನು ಹೆದರಬೇಡ ಮಗಾ. ಒಳಗಿನ ರಾಶಿಯ ಮೇಲೆ ಗುಬ್ಬಿ ಎಷ್ಟು ಕೂತಿವೆ ಎಂದು ಅವರು ನೋಡುತ್ತಿರಬಹುದು.